ಹಲವು ಕಟ್ಟೆಗಳ ಮಾತು

ಬಾಗಲಕೋಟೆ ಜಿಲ್ಲೆಯ ಲೋಕಾಪುರವು ದಾರಿಗಳು ಕೂಡುವ ಊರು. ಬಾಗಲಕೋಟೆ, ಮುಧೋಳ, ರಾಮದುರ್ಗ, ಬೆಳಗಾವಿಗಳ ಕಡೆಗೆ ಸಾಗುವ ರಸ್ತೆಗಳು ಇಲ್ಲಿ ಸಂಧಿಸುತ್ತವೆ. ಇಂಥ ಊರಿನಲ್ಲಿ ಸಂಜೆಯ ಹೊತ್ತು ಮಾತಿಗೆ ಬರವಿಲ್ಲ. ಚಹಾದ ಅಂಗಡಿಯ ಮುಂದೆ ಕಬ್ಬಿನ ಬೆಲೆಯ ಮಾತು. ಗುಡಿಯ ಕಟ್ಟೆಯ ಮೇಲೆ ಜಾತ್ರೆಯ, ಭಜನೆಯ ಮಾತು. ಬಸ್ಸು ಕಾಯುವವರ ನಡುವೆ ಕ್ರಿಕೆಟ್ಟಿನ ಮಾತು. ಈ ಮೂರನ್ನೂ ಕೇಳಬೇಕೆಂಬ ಆಸೆಯುಳ್ಳವನು ಒಂದೆಡೆಯಿಂದ ಇನ್ನೊಂದೆಡೆಗೆ ಓಡಾಡಬೇಕು. ಅವನು ಗುಡಿಯ ಕಟ್ಟೆಯಲ್ಲಿದ್ದಾಗ ಚಹಾದ ಅಂಗಡಿಯಲ್ಲಿ ನಡೆದ ಮಾತು ಅವನ ಪಾಲಿಗೆ ಇಲ್ಲವಾಗುತ್ತದೆ. ಆದರೆ ಮಾತು ಬರಹವಾಗಿ ಉಳಿದರೆ, ಹಲವು ಕಟ್ಟೆಗಳ ಮಾತನ್ನು ಒಂದೆಡೆ ತಂದು ಓದಬಹುದು. ಗಣಕಯಂತ್ರದಲ್ಲಿ ಇದನ್ನು ಹೇಗೆ ಸಾಧಿಸಿದರು, ಸಾಧಿಸಿದ ಮೇಲೆ ಯಾವ ತೊಡಕು ಎದುರಾಯಿತು ಎಂಬುದನ್ನು ಇಲ್ಲಿ ನೋಡೋಣ.

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಇಬ್ಬರು ವಿದ್ಯಾರ್ಥಿಗಳಾದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಎಂಬವರು ಒಂದು ಯೋಜನೆಯನ್ನು ಹಾಕಿದರು. ಒಂದು ಗಣಕಯಂತ್ರದಲ್ಲಿ ಬರೆದ ಲೇಖನವು ದೂರವಾಣಿಯ ತಂತಿಯ ಮೂಲಕ ಮತ್ತೊಂದಕ್ಕೆ, ಅಲ್ಲಿಂದ ಮಗದೊಂದಕ್ಕೆ ಸಾಗಿ, ಎಲ್ಲ ಕಡೆಯ ಓದುಗರಿಗೂ ದೊರೆಯಬೇಕೆಂಬುದೇ ಆ ಯೋಜನೆ. ಇದಕ್ಕೆ ಯೂಸ್‌ನೆಟ್ ಎಂದು ಹೆಸರಾಯಿತು. ಲೇಖನಗಳು ಬೆಳೆದಂತೆ ಅವುಗಳನ್ನು ವಿಷಯಾನುಸಾರವಾಗಿ ಚರ್ಚಾಕೂಟಗಳಾಗಿ ವಿಂಗಡಿಸಲಾಯಿತು. ಕೂಟದ ಹೆಸರು ಅಂಚೆಯ ವಿಳಾಸದಂತೆ ಹಲವು ಮೆಟ್ಟಿಲುಗಳುಳ್ಳದ್ದು; ಇಲ್ಲಿ ಮಾತ್ರ ದೊಡ್ಡದು ಮೊದಲು, ಚಿಕ್ಕದು ಕೊನೆಗೆ. ‘ಸಾಕ್.ಕಲ್ಚರ್.ಇಂಡಿಯನ್.ಕರ್ನಾಟಕ’ ಎಂಬ ಹೆಸರಿನಲ್ಲಿ ಸಮಾಜ, ಅದರೊಳಗೆ ಸಂಸ್ಕೃತಿ, ಅದರೊಳಗೆ ಭಾರತ, ಕೊನೆಗೆ ಕರ್ನಾಟಕ. 1990ರ ದಶಕದಲ್ಲಿ ಹೊರನಾಡಿನ ಕನ್ನಡಿಗರಿಗೆ ಈ ಕೂಟವು ಒಂದು ಕಟ್ಟೆಯಾಗಿತ್ತು. ಗಣಕದ ತೆರೆಯ ಮೇಲೆ ಕನ್ನಡದ ಅಕ್ಷರ ಮೂಡಿಸುವುದು ಅಂದು ಸುಲಭವಾಗಿರಲಿಲ್ಲ. ಆದುದರಿಂದ ಕನ್ನಡದ ಮಾತನ್ನು ಇಂಗ್ಲಿಷ್ ಲಿಪಿಯಲ್ಲಿಯೇ ಬರೆಯುತ್ತಿದ್ದರು.

ಲೋಕಾಪುರದ ಒಬ್ಬ ತರುಣನು ಆ ದಿನಗಳಲ್ಲಿ ಅಮೆರಿಕದಲ್ಲಿ ಓದುತ್ತಿದ್ದನೆಂದು ಭಾವಿಸೋಣ. ಅವನಿಗೆ ಕರ್ನಾಟಕದ ಕೂಟ ಬೇಕು. ಭಾರತೀಯ ಶಾಸ್ತ್ರೀಯ ಸಂಗೀತದ ಕೂಟ ಬೇಕು. ಕ್ರಿಕೆಟ್ಟಿನ ಕೂಟವಂತೂ ಬೇಕೇ ಬೇಕು. ಮೂರನ್ನೂ ಒಂದೊಂದಾಗಿ ತೆರೆದು, ಓದಿ, ಮುಚ್ಚಿ ಬರುವಷ್ಟರಲ್ಲಿ ಅವನ ಸಂಜೆ ಕಳೆದುಹೋಗುತ್ತದೆ. ಈ ತೊಂದರೆಯನ್ನು ನೀಗಲು ಕೆಲವು ವಾಚಕ ತಂತ್ರಾಂಶಗಳಲ್ಲಿ ಹಲವು ಕೂಟಗಳನ್ನು ಬೆಸೆದು ಒಂದೇ ಕೂಟವೆಂಬಂತೆ ತೋರಿಸುವ ಏರ್ಪಾಡಾಯಿತು. ಜಪಾನಿನ ಮಸನೊಬು ಉಮೆದಾ ಎಂಬವರು ಆರಂಭಿಸಿ, ತರುವಾಯ ನಾರ್ವೆಯ ಲಾರ್ಸ್ ಮಾಗ್ನೆ ಇಂಗೆಬ್ರಿಗ್ಟ್‌ಸನ್ ಎಂಬವರು ಹೊಸದಾಗಿ ಬರೆದ ‘ಗ್ನೂಸ್’ ಎಂಬ ತಂತ್ರಾಂಶದಲ್ಲಿ ಇಂಥ ಕೂಟವನ್ನು ಕಟ್ಟಿಕೊಳ್ಳಬಹುದು. ಅದು ಓದುಗನ ತೆರೆಯ ಮೇಲಿರುವ ಕೂಟವೇ ಹೊರತು ಲೋಕದಲ್ಲಿರುವ ಕೂಟವಲ್ಲ.

ಕೆಲಸವು ತೋರುವಷ್ಟು ಸರಳವಲ್ಲ. ಪ್ರತಿಯೊಂದು ಕೂಟದಲ್ಲಿಯೂ ಲೇಖನಗಳಿಗೆ ಬಂದ ಕ್ರಮದಲ್ಲಿ ಅಂಕಿಗಳಿರುತ್ತವೆ. ‘512ರವರೆಗೆ ಓದಿಯಾಯಿತು’ ಎಂದು ತಂತ್ರಾಂಶವು ಗುರುತಿಟ್ಟುಕೊಳ್ಳುವುದು ಈ ಅಂಕಿಗಳಿಂದಲೇ. ಆದರೆ ಸಂಗೀತದ 512 ಬೇರೆ, ಕ್ರಿಕೆಟ್ಟಿನ 512 ಬೇರೆ. ಬೆಸೆದ ಕೂಟದಲ್ಲಿ ಎರಡೂ ಒಂದೇ ಅಂಕಿಯಿಂದ ಇರಲಾರವು. ಆದುದರಿಂದ ತಂತ್ರಾಂಶವು ಎಲ್ಲಕ್ಕೂ ಹೊಸ ಅಂಕಿಗಳನ್ನು ಕೊಟ್ಟು, ಯಾವ ಹೊಸ ಅಂಕಿ ಯಾವ ಕೂಟದ ಯಾವ ಹಳೆಯ ಅಂಕಿಗೆ ಸೇರಿದ್ದೆಂಬ ಒಂದು ಪಟ್ಟಿಯನ್ನು ಒಳಗೆ ಇಟ್ಟುಕೊಳ್ಳುತ್ತದೆ. ಇಲ್ಲಿ ಓದಿದ ಲೇಖನವನ್ನು ಮೂಲದ ಕೂಟದಲ್ಲಿಯೂ ಓದಿದ್ದೆಂದು ಗುರುತಿಸುತ್ತದೆ.

ಒಂದೇ ಲೇಖನವನ್ನು ಎರಡು ಮೂರು ಕೂಟಗಳಿಗೆ ಒಟ್ಟಿಗೆ ಕಳುಹಿಸುವ ವಾಡಿಕೆಯೂ ಉಂಟು. ಅದು ಓದುಗನಿಗೆ ಎರಡು ಮೂರು ಸಲ ಕಾಣಬಾರದು. ಪ್ರತಿ ಲೇಖನದ ತಲೆಯಲ್ಲಿ, ಜಗತ್ತಿನ ಇನ್ನಾವ ಲೇಖನಕ್ಕೂ ಇಲ್ಲದ ಒಂದು ಗುರುತು ಇರುವುದರಿಂದ ಇದು ಸಾಧ್ಯವಾಯಿತು. ಗುರುತು ಒಂದೇ ಆದರೆ ಲೇಖನವೂ ಒಂದೇ. ಆದರೆ ಅದೇ ಮಾತನ್ನು ಮೂರು ಸಲ ಬೇರೆ ಬೇರೆಯಾಗಿ ಕಳುಹಿಸಿದವನ ಮುಂದೆ ಈ ಉಪಾಯ ನಡೆಯದು. ಆಗ ಗುರುತುಗಳು ಮೂರಾಗುತ್ತವೆ. ಇಂಥವರ ಮೇಲೆ ಹಳೆಯ ಓದುಗರಿಗೆ ಸಿಟ್ಟು ಬರುತ್ತಿದ್ದುದು ಸಹಜವೇ.

ಲೇಖನಗಳು ಸಾಗುವ ದಾರಿಗಳು ಹಲವಾದುದರಿಂದ, ಪ್ರಶ್ನೆಗಿಂತ ಮೊದಲೇ ಉತ್ತರವು ಬಂದು ತಲುಪುವುದೂ ಉಂಟು. ಬಂದ ಹೊತ್ತನ್ನು ನೋಡಿ ಜೋಡಿಸಿದರೆ ಸಂವಾದವು ತಲೆಕೆಳಗಾಗುತ್ತದೆ. ಅದಕ್ಕಾಗಿ ಉತ್ತರದ ತಲೆಯಲ್ಲಿ, ಅದು ಯಾವ ಲೇಖನಕ್ಕೆ ಉತ್ತರವೋ ಅದರ ಗುರುತನ್ನು ಬರೆದಿರುತ್ತಾರೆ. ಹೂವನ್ನು ದಾರದಲ್ಲಿ ಪೋಣಿಸಿದಂತೆ ಮಾತುಗಳನ್ನು ಪೋಣಿಸಲು ಇದೇ ಆಧಾರ.

ಇದು ನಮಗೆ ತೀರ ಅಪರಿಚಿತವಾದ ವಿಚಾರವಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಅನೇಕ ಶರಣರ ವಚನಗಳನ್ನು ಆಯ್ದು, ಅಲ್ಲಮಪ್ರಭುವನ್ನು ನಡುವೆ ನಿಲ್ಲಿಸಿ, ಸಂವಾದದ ರೂಪದಲ್ಲಿ ಶೂನ್ಯಸಂಪಾದನೆಯನ್ನು ರಚಿಸಿದನು. ತರುವಾಯ ಬಂದವರು ಅದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಅಷ್ಟು ಜನರ ಮಾತು ಒಂದೇ ಗ್ರಂಥದಲ್ಲಿ ಸೇರಿದರೂ ಯಾರ ಮಾತು ಯಾರದೆಂಬ ಗೊಂದಲ ಹುಟ್ಟುವುದಿಲ್ಲ. ಕೂಡಲಸಂಗಮದೇವ ಎಂದಲ್ಲಿ ಬಸವಣ್ಣ, ಗುಹೇಶ್ವರ ಎಂದಲ್ಲಿ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದಲ್ಲಿ ಅಕ್ಕಮಹಾದೇವಿ. ಅಂಕಿತವು ವಚನದೊಳಗೇ ಇರುವುದರಿಂದ ಅದನ್ನು ಎಲ್ಲಿಗೆ ಒಯ್ದರೂ ಅಳಿಯದು. ಅಂಕಿತವು ಹೇಳಿದವನ ಗುರುತು, ಯೂಸ್‌ನೆಟ್ಟಿನದು ಹೇಳಿದ ಮಾತಿನ ಗುರುತು ಎಂಬ ಭೇದವನ್ನು ಮಾತ್ರ ಮರೆಯಬಾರದು.

ಇನ್ನು ತೊಡಕಿನ ಮಾತು. ಭಾರತದ ತಂಡವು ಆಡುತ್ತಿರುವ ದಿನ ಕ್ರಿಕೆಟ್ಟಿನ ಕೂಟದಲ್ಲಿ ಲೇಖನಗಳ ಮಳೆಯಾಗುತ್ತದೆ. ಅಂದು ಕರ್ನಾಟಕದ ಕೂಟದಲ್ಲಿ ಯಾರೋ ಒಬ್ಬರು ಮಗುವಿಗೆ ಕನ್ನಡ ಕಲಿಸುವ ಬಗೆಯನ್ನು ಕೇಳಿರಬಹುದು. ಬೆಸೆದ ಕೂಟದಲ್ಲಿ ಆ ಒಂದು ಪ್ರಶ್ನೆಯು ರಾಶಿಯ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಬೇರೆಯಾಗಿ ತೆರೆದಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಇಷ್ಟವಾದ ವಿಷಯಕ್ಕೆ ಹೆಚ್ಚು ಅಂಕ ಕೊಟ್ಟು ಮೇಲಕ್ಕೆ ತರುವ ಉಪಾಯ ಗ್ನೂಸಿನಲ್ಲಿ ಇದೆ. ಆದರೆ ಅಂಕ ಕೊಡುವವನು ಓದುಗನೇ. ಕನ್ನಡದ ಪ್ರಶ್ನೆಯನ್ನು ಮೇಲಕ್ಕೆತ್ತಬೇಕೆಂದು ಅವನಿಗೆ ತೋಚದಿದ್ದರೆ ಯಂತ್ರಕ್ಕೆ ತಾನಾಗಿ ತೋಚುವುದಿಲ್ಲ. ಯಾವುದು ಮೊದಲು ಕಾಣಬೇಕೆಂದು ನಿರ್ಧರಿಸುವುದೆಂದರೆ ಯಾರ ಮಾತು ಕೇಳಬೇಕೆಂದು ನಿರ್ಧರಿಸಿದಂತೆಯೇ ಎಂದು ನನಗೆ ತೋರುತ್ತದೆ.

ಉತ್ತರ ಬರೆಯುವಾಗಲೂ ಎಡವುವ ಸಂಭವವುಂಟು. ಗುಡಿಯ ಕಟ್ಟೆಯಲ್ಲಿ ಕುಳಿತವನಿಗೆ ತಾನು ಗುಡಿಯ ಮುಂದಿದ್ದೇನೆಂಬ ಅರಿವಿರುತ್ತದೆ, ಮಾತು ಅದಕ್ಕೆ ತಕ್ಕಂತಿರುತ್ತದೆ. ಬೆಸೆದ ಕೂಟದ ಓದುಗನಿಗೆ ಎಲ್ಲವೂ ಒಂದೇ ಕಟ್ಟೆ. ಅವನು ಬರೆದ ಉತ್ತರವು ಮೂಲ ಲೇಖನವು ಬಂದ ಕೂಟಕ್ಕೇ ಹೋಗುತ್ತದೆ. ಆ ಲೇಖನವು ಮೂರು ಕೂಟಗಳಿಗೆ ಬಂದಿದ್ದರೆ ಸಾಮಾನ್ಯವಾಗಿ ಮೂರಕ್ಕೂ ಹೋಗುತ್ತದೆ. ಊರಿನವರೊಡನೆ ಆಡುವ ಸಲುಗೆಯ ಕನ್ನಡವು ಹೀಗೆ ಕನ್ನಡವರಿಯದ ಸಂಗೀತಪ್ರಿಯರ ಮುಂದೆ ಹೋಗಿ ನಿಲ್ಲಬಹುದು. ಉತ್ತರಗಳೆಲ್ಲ ಇಂಥ ಒಂದೇ ಕೂಟಕ್ಕೆ ಬರಲಿ ಎಂದು ಮೂಲ ಲೇಖಕನೇ ಸೂಚಿಸಲು ಒಂದು ಸಾಲನ್ನು ಇಟ್ಟಿದ್ದಾರೆ. ಕಳುಹಿಸುವ ಮೊದಲು ಉತ್ತರದ ತಲೆಯಲ್ಲಿರುವ ಕೂಟಗಳ ಹೆಸರನ್ನು ಓದಿಕೊಳ್ಳುವುದು ಮಾತ್ರ ಬರೆಯುವವನಿಗೇ ಬಿಟ್ಟದ್ದು.