ಸ್ಪ್ರಿಂಗ್ ಗಡಸಾದರೆ ಕಾರು ವೇಗವಾಗುತ್ತದೆಯೇ?

ಅಮೆರಿಕದ ಹವ್ಯಾಸಿ ರೇಸ್‌ಗಳಲ್ಲಿ ‘ಸ್ಪೆಕ್ ಮಿಯಾಟಾ’ ಎಂಬ ವರ್ಗವಿದೆ. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 (ಅಮೆರಿಕದಲ್ಲಿ ಮಿಯಾಟಾ) ಎಂಬ ಎರಡು ಸೀಟಿನ ಪುಟ್ಟ ಕಾರು ಮತ್ತು ಅದರ ನಂತರದ ಪೀಳಿಗೆ ಇಲ್ಲಿ ಓಡುತ್ತವೆ. ಎಲ್ಲರಿಗೂ ಒಂದೇ ಸ್ಪ್ರಿಂಗ್: ಮುಂದೆ ಇಂಚಿಗೆ 700 ಪೌಂಡ್, ಹಿಂದೆ 325. ಅಂದರೆ ಮುಂದಿನ ಸ್ಪ್ರಿಂಗನ್ನು ಒಂದು ಮಿಲಿಮೀಟರ್ ಕುಗ್ಗಿಸಲು ಸುಮಾರು 12.5 ಕಿಲೊ ಭಾರ ಬೇಕು, ಹಿಂದಿನದಕ್ಕೆ 5.8 ಸಾಕು. ಕಾರಿನ ತೂಕವೋ ಮುಂದೆ–ಹಿಂದೆ ಹೆಚ್ಚುಕಡಿಮೆ ಸಮನಾಗಿ ಹಂಚಿಕೊಂಡಿದೆ. ಹಾಗಿದ್ದೂ ಮುಂದಿನದು ಎರಡು ಪಟ್ಟು ಗಡಸು ಏಕೆ? ಟ್ರ್ಯಾಕ್‌ಗೆ ಕಾರು ಸಜ್ಜುಗೊಳಿಸುವವರು ದುಡ್ಡು ಬಿಚ್ಚುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು.

ಚಕ್ರಕ್ಕೆ ತಲುಪುವುದೆಷ್ಟು?

ಸ್ಪ್ರಿಂಗ್ ಚಕ್ರದ ಮೇಲೆ ನೇರವಾಗಿ ಕೂತಿರುವುದಿಲ್ಲ. ಚಕ್ರವನ್ನು ಕಾರಿಗೆ ಜೋಡಿಸುವ ವಿಶ್‌ಬೋನ್ ತೋಳಿನ ಮೇಲೆ ಒಳಗೆ ಸರಿದು ಕೂತಿರುತ್ತದೆ. ಮುಂದಿನ ಚಕ್ರ 10 ಮಿಲಿಮೀಟರ್ ಎದ್ದಾಗ ಸ್ಪ್ರಿಂಗ್ 7 ಮಿಲಿಮೀಟರ್ ಮಾತ್ರ ಕುಗ್ಗಿತು ಎನ್ನಿ. ಆ 0.7ರ ಅನುಪಾತವೇ ಮೋಷನ್ ರೇಶಿಯೊ. ಸ್ಪ್ರಿಂಗ್‌ನ ಗಡಸುತನವನ್ನು ಈ ಅನುಪಾತದ ವರ್ಗದಿಂದ ಗುಣಿಸಬೇಕು. ಚಕ್ರಕ್ಕೆ ಅರ್ಧದಷ್ಟೇ ತಲುಪುತ್ತದೆ. ಹಿಂದೆ ಈ ಅನುಪಾತ 0.8 ಇದ್ದರೆ ಶೇ 64 ತಲುಪುತ್ತದೆ. ಹೀಗಾಗಿ ಬೇರೆ ಮಾದರಿಯ ಕಾರಿನ ಸ್ಪ್ರಿಂಗ್ ಅಂಕಿಯನ್ನು ನಮ್ಮ ಕಾರಿಗೆ ತಂದುಕೊಳ್ಳುವುದಕ್ಕೆ ಅರ್ಥವಿಲ್ಲ.

ಚಕ್ರದ ಬಳಿಯ ಗಡಸುತನ ಮತ್ತು ಅಲ್ಲಿ ಕೂತ ಭಾರ ಗೊತ್ತಾದರೆ, ಕಾರಿನ ಆ ಮೂಲೆ ಸೆಕೆಂಡಿಗೆ ಎಷ್ಟು ಸಲ ಕುಪ್ಪಳಿಸುತ್ತದೆ ಎಂಬುದು ಸಿಗುತ್ತದೆ. ಮನೆ ಬಳಕೆಯ ಕಾರುಗಳಲ್ಲಿ ಈ ಆವರ್ತನ ಸಾಮಾನ್ಯವಾಗಿ 1ರಿಂದ 1.5 ಹರ್ಟ್ಜ್, ರೆಕ್ಕೆಯಿಲ್ಲದ ಟ್ರ್ಯಾಕ್ ಕಾರುಗಳಲ್ಲಿ 2ರಿಂದ 2.5. ಮೂಲೆಗೆ 240 ಕಿಲೊ ಹಿಡಿದರೆ, 700 ಪೌಂಡಿನ ಸ್ಪ್ರಿಂಗ್ ಮುಂದೆ ಸುಮಾರು 2.5 ಹರ್ಟ್ಜ್ ಕೊಡುತ್ತದೆ. 325ರದ್ದು ಹಿಂದೆ ಸುಮಾರು 2. ಎರಡು ಪಟ್ಟಿನಂತೆ ಕಂಡ ಅಂತರ ಇಷ್ಟಕ್ಕೆ ಇಳಿಯಿತು.

ಉಳಿದ ಅಂತರ ಉದ್ದೇಶಪೂರ್ವಕ. ರೋಲ್ಸ್-ರಾಯ್ಸ್‌ನಿಂದ ಜನರಲ್ ಮೋಟರ್ಸ್‌ಗೆ ಬಂದ ಎಂಜಿನಿಯರ್ ಮಾರಿಸ್ ಓಲಿ 1930ರ ದಶಕದಲ್ಲಿ ಪ್ರಯಾಣದ ಸುಖಕ್ಕಾಗಿ ಕಂಡುಕೊಂಡದ್ದು ಇದಕ್ಕೆ ತಿರುಗುಮುರುಗು: ಹಿಂದಿನ ಆವರ್ತನ ಹೆಚ್ಚಿರಬೇಕು. ಉಬ್ಬು ಮೊದಲು ತಾಗುವುದು ಮುಂದಿನ ಚಕ್ರಕ್ಕೆ. ಹಿಂಬದಿ ಬೇಗ ಕುಪ್ಪಳಿಸಿ ಅದನ್ನು ಹಿಡಿದರೆ ತೂಗಾಟ ನಿಲ್ಲುತ್ತದೆ. ಟ್ರ್ಯಾಕ್‌ನಲ್ಲಿ ಸುಖಕ್ಕಿಂತ ಹಿಡಿತ ಮುಖ್ಯ; ಮುಂದಿನ ಆವರ್ತನ ಹೆಚ್ಚಿರುವುದು ಅದಕ್ಕಾಗಿ.

ಭಾರದ ಹಂಚಿಕೆ

ಗಡಸು ಸ್ಪ್ರಿಂಗ್ ತಿರುವಿನಲ್ಲಿ ಭಾರ ಹೊರಚಕ್ರಗಳಿಗೆ ವಾಲುವುದನ್ನು ತಡೆಯುತ್ತದೆ ಎಂಬ ನಂಬಿಕೆ ತಪ್ಪು. ವಾಲುವ ಒಟ್ಟು ಭಾರವನ್ನು ನಿರ್ಧರಿಸುವುದು ಮುಖ್ಯವಾಗಿ ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ, ಚಕ್ರಗಳ ನಡುವಿನ ಅಗಲ ಮತ್ತು ತಿರುವಿನ ವೇಗ. ಒಂದು ಟನ್ ತೂಕದ, 45 ಸೆಂಟಿಮೀಟರ್ ಎತ್ತರದಲ್ಲಿ ಗುರುತ್ವ ಕೇಂದ್ರವಿರುವ, 1.4 ಮೀಟರ್ ಅಗಲದ ಕಾರು 1 ಜಿ ಬಲದಲ್ಲಿ ತಿರುಗಿದರೆ ಸುಮಾರು 320 ಕಿಲೊ ಹೊರಗೆ ವಾಲಿಯೇ ವಾಲುತ್ತದೆ. ಅದರಲ್ಲಿ ಮುಂದಿನ ಜೋಡಿ ಎಷ್ಟು ಹೊರಬೇಕು, ಹಿಂದಿನದು ಎಷ್ಟು ಎಂಬ ಪಾಲನ್ನು ಹಂಚುವುದು ಸ್ಪ್ರಿಂಗ್ ಮತ್ತು ಎಡ–ಬಲ ಚಕ್ರಗಳನ್ನು ಜೋಡಿಸುವ ಆ್ಯಂಟಿ-ರೋಲ್ ಬಾರ್.

ಟೈರ್‌ನ ಮೇಲೆ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ. ಆದ್ದರಿಂದ ಹೆಚ್ಚು ವಾಲಿಕೆ ಹೊತ್ತ ಜೋಡಿ ಮೊದಲು ಸೋಲುತ್ತದೆ: ಮುಂದಿನದು ಸೋತರೆ ಕಾರು ತಿರುವಿನ ಹೊರಕ್ಕೆ ಸರಿಯುವ ಅಂಡರ್‌ಸ್ಟಿಯರ್, ಹಿಂದಿನದು ಸೋತರೆ ಹಿಂಬದಿ ಜಾರುವ ಓವರ್‌ಸ್ಟಿಯರ್. ಮಿಯಾಟಾದಲ್ಲಿ ಎಂಜಿನ್ ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ಮುಂಬದಿ ಹೆಚ್ಚು ಪಾಲು ಹೊತ್ತಾಗ ಹಿಂದಿನ ಒಳಚಕ್ರ ನೆಲ ಬಿಡುವುದಿಲ್ಲ, ತಿರುವಿನಿಂದ ಹೊರಡುವಾಗ ಆಕ್ಸಿಲರೇಟರ್ ಬೇಗ ಒತ್ತಬಹುದು.

ನೆಲ ನೋಡಿ ಆಯ್ಕೆ

ನುಣುಪಾದ ಟ್ರ್ಯಾಕ್‌ನಲ್ಲಿ ಗೆದ್ದ ಸೆಟಪ್ ಜರ್ಮನಿಯ ನೂರ್ಬರ್ಗ್‌ರಿಂಗ್‌ನಲ್ಲಿ ಸೋಲಬಹುದು. ಅಲ್ಲಿನ 20 ಕಿಲೊಮೀಟರ್ ಮೀರಿದ ಹಳೆಯ ಸುತ್ತಿನ ಏರು, ಇಳಿತ, ಉಬ್ಬುಗಳಲ್ಲಿ ಅತಿ ಗಡಸು ಕಾರಿನ ಚಕ್ರಗಳು ನೆಲ ಬಿಟ್ಟು ಹಾರುತ್ತವೆ. ಗಾಳಿಯಲ್ಲಿರುವ ಟೈರ್‌ಗೆ ಹಿಡಿತವೆಲ್ಲಿ? 1996ರ ಲೋಟಸ್ ಎಲಿಸ್ ಕಾರು ಸುಮಾರು 725 ಕಿಲೊ ತೂಗುತ್ತಿತ್ತು. ಹಗುರ ಮೈ, ಮೃದು ಸ್ಪ್ರಿಂಗ್, ಸ್ಪ್ರಿಂಗ್‌ನ ಕುಪ್ಪಳಿಕೆ ತಗ್ಗಿಸುವ ಒಳ್ಳೆಯ ಡ್ಯಾಂಪರ್‌ಗಳ ಬಲದಿಂದಲೇ ಅದು ಹೆಸರು ಮಾಡಿತು.

ಬೆಂಗಳೂರಿನ ಉತ್ಸಾಹಿಗಳಿಗೂ ಇದು ಅನ್ವಯಿಸುತ್ತದೆ. ಚೆನ್ನೈ ಬಳಿಯ ಇರುಂಗಾಟುಕೋಟೈ ಟ್ರ್ಯಾಕ್‌ಗೋ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಕಾರು ಓಡಿಸಿಕೊಂಡು ಹೋಗಿ, ಅದೇ ಕಾರಿನಲ್ಲಿ ಮನೆಗೆ ಮರಳುವವರು ರಸ್ತೆಯುಬ್ಬುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸ್ಪ್ರಿಂಗ್ ಸುತ್ತು ಕತ್ತರಿಸಿ ಕಾರು ತಗ್ಗಿಸುವುದಂತೂ ಅಪಾಯ. ಚಲನೆಯ ಅಂತರ ಮುಗಿದು ತಿರುವಿನ ನಡುವೆ ಬಂಪ್ ಸ್ಟಾಪ್‌ಗೆ ಬಡಿದರೆ, ಆ ಮೂಲೆ ಒಮ್ಮೆಲೇ ಕಲ್ಲಾಗಿ ಕಾರು ಎಚ್ಚರಿಕೆಯಿಲ್ಲದೆ ಜಾರುತ್ತದೆ.

ಕ್ರಮ ಹೀಗಿರಲಿ: ಮೊದಲು ಟೈರ್ ನಿಶ್ಚಯಿಸಿ. ಟ್ರ್ಯಾಕ್‌ಗೆ ತಕ್ಕ ಆವರ್ತನ ಆರಿಸಿ, ಅದರಿಂದ ಸ್ಪ್ರಿಂಗ್ ಲೆಕ್ಕ ಹಾಕಿ. ಆ ಸ್ಪ್ರಿಂಗನ್ನು ಅಂಕೆಯಲ್ಲಿಡಬಲ್ಲ ಡ್ಯಾಂಪರ್ ಹಾಕಿ. ಕೊನೆಯ ಸಮತೋಲನವನ್ನು ಆ್ಯಂಟಿ-ರೋಲ್ ಬಾರ್‌ನಿಂದ ತಿದ್ದಿ. ಒಮ್ಮೆಗೆ ಒಂದೇ ಬದಲಾವಣೆ. ಪ್ರತಿ ಸಲವೂ ಲ್ಯಾಪ್ ಸಮಯದ ಜೊತೆಗೆ ಟೈರ್‌ನ ಒಳ, ನಡು, ಹೊರ ಅಂಚುಗಳ ಬಿಸಿ ಅಳೆಯಿರಿ. ಹೊರ ಅಂಚು ಮಾತ್ರ ಕಾದಿದ್ದರೆ ಕಾರು ಹೆಚ್ಚು ವಾಲುತ್ತಿದೆ ಅಥವಾ ಚಕ್ರದ ಒಳವಾಲು (ಕ್ಯಾಂಬರ್) ಸಾಲದು. ಹಣ ಸೀಮಿತವಾಗಿದ್ದರೆ ಹದವಾದ ಸ್ಪ್ರಿಂಗ್‌ಗಳೊಂದಿಗೆ ಉತ್ತಮ ಡ್ಯಾಂಪರ್ ಕೊಳ್ಳಿ. ಅಗ್ಗದ ಡ್ಯಾಂಪರ್ ಮೇಲೆ ಕೂತ ಅತಿ ಗಡಸು ಸ್ಪ್ರಿಂಗ್ ಚಾಲಕನನ್ನು ದಣಿಸುತ್ತದೆ, ಟೈರನ್ನೂ ಸವೆಸುತ್ತದೆ. ಹಿಡಿತ ಮಾತ್ರ ಹೆಚ್ಚುವುದಿಲ್ಲ.