ನಾರಾಯಣಪುರದ ಗುಡಿಯೂ ಕುಮಾರರಾಮನ ಚಿತ್ರವೂ

ಬಸವಕಲ್ಯಾಣದ ಸಮೀಪದಲ್ಲಿರುವ ನಾರಾಯಣಪುರದ ಶಿವಾಲಯವನ್ನು ಕಾಣದೆ ಹಿಂದಿರುಗಿದವನು ಕಲ್ಯಾಣವನ್ನು ಅರ್ಧವೇ ಕಂಡಂತೆ. ಆರನೆಯ ವಿಕ್ರಮಾದಿತ್ಯನು 1076ರಿಂದ 1126ರವರೆಗೆ ಆಳಿದ, ವಿಜ್ಞಾನೇಶ್ವರನೂ ಬಿಲ್ಹಣನೂ ಆಶ್ರಯ ಪಡೆದಿದ್ದ ಆ ಮಹಾನಗರದಲ್ಲಿ ಚಾಲುಕ್ಯರ ಕಾಲದ ಕಟ್ಟಡಗಳು ಉಳಿದಿರುವುದು ಅತ್ಯಲ್ಪ. ಊರ ಹೊರಗಿನ ಈ ಗುಡಿಯು ಮಾತ್ರ ತನ್ನ ಗೋಡೆಯ ಶಿಲಾಬಾಲಿಕೆಯರೊಡನೆ ಇಂದಿಗೂ ನಿಂತಿದೆ. ಹುಮನಾಬಾದ ತಾಲೂಕಿನ ಜಲಸಂಗ್ವಿಗೆ ಹೋದರೆ, ವಿಕ್ರಮಾದಿತ್ಯನ ಕೀರ್ತಿಯನ್ನು ಬರೆಯುತ್ತಿರುವ ಬಾಲಿಕೆಯೊಬ್ಬಳನ್ನೇ ಅಲ್ಲಿಯ ಶಿಲ್ಪಿಯು ಕಲ್ಲಿನಲ್ಲಿ ಕಡೆದಿಟ್ಟಿದ್ದಾನೆ. ಇವನ್ನು ಕಂಡವನ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳದೆ ಇರದು: ಇಷ್ಟೊಂದು ಚರಿತ್ರೆಯುಳ್ಳ ನಾಡಿನ ಕಥೆಯು ಚಿತ್ರಪಟವಾಗಿ ನಮ್ಮೆದುರಿಗೆ ಬಂದಾಗ, ಮನಸ್ಸು ತುಂಬದೆ ನಾವು ಮನೆಗೆ ಮರಳುವುದೇಕೆ?

ಈ ಪ್ರಶ್ನೆಗೆ ಉದಾಹರಣೆಯಾಗಿ 2006ರಲ್ಲಿ ತೆರೆಕಂಡ ‘ಗಂಡುಗಲಿ ಕುಮಾರರಾಮ’ ಎಂಬ ಚಿತ್ರವನ್ನು ನಾವು ಎತ್ತಿಕೊಳ್ಳುತ್ತೇವೆ. ನಿರ್ದೇಶಕರು ಅನುಭವಶಾಲಿಗಳಾದ ಶ್ರೀ ಎಚ್. ಆರ್. ಭಾರ್ಗವರು, ನಾಯಕರು ಜನಪ್ರಿಯ ನಟರಾದ ಶ್ರೀ ಶಿವರಾಜಕುಮಾರರು, ಸಂಗೀತವು ಶ್ರೀ ಗುರುಕಿರಣರದು. ವೆಚ್ಚವೂ ಅಂದಿನ ಕನ್ನಡ ಚಿತ್ರಗಳ ಅಳತೆಗೆ ದೊಡ್ಡದೇ. ‘ರಣಧೀರ ಕಂಠೀರವ’, ‘ಇಮ್ಮಡಿ ಪುಲಿಕೇಶಿ’, ‘ಶ್ರೀ ಕೃಷ್ಣದೇವರಾಯ’ಗಳನ್ನು ಕಂಡಿದ್ದ ಕನ್ನಡಿಗರು, ಬಹುಕಾಲದ ಮೇಲೆ ನಮ್ಮ ಚರಿತ್ರೆಯು ಮತ್ತೆ ತೆರೆಗೆ ಬಂದಿತೆಂದು ಹಿಗ್ಗಿದರು. ಆದರೆ ಆ ಹಿಗ್ಗು ಬಹುದಿನ ಬಾಳಲಿಲ್ಲ. ಚಿತ್ರವು ನಿರೀಕ್ಷಿತ ಯಶಸ್ಸನ್ನು ಪಡೆಯದೆ ಹೋಯಿತೆಂಬುದನ್ನು ವಿಷಾದದಿಂದ ಹೇಳಬೇಕಾಗಿದೆ.

ಹಣ ಸಾಲದಾಯಿತು, ಸೈನ್ಯ ಸಾಲದಾಯಿತು ಎಂದು ಕೆಲವರು ಸಮಾಧಾನ ಹೇಳಿಕೊಳ್ಳುವುದುಂಟು. ನಮಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. 1970ರಲ್ಲಿ ಹೊರಬಿದ್ದ ‘ವಾಟರ್‌ಲೂ’ ಚಿತ್ರಕ್ಕಾಗಿ ರಷ್ಯದ ನಿರ್ದೇಶಕ ಬೊಂಡಾರ್ಚುಕನು ಸೋವಿಯತ್ ಸೈನ್ಯದ ಸುಮಾರು 15,000 ಕಾಲಾಳುಗಳನ್ನೇ ರಣರಂಗದಲ್ಲಿ ನಿಲ್ಲಿಸಿದನು. ಆದರೂ ಆ ಚಿತ್ರಕ್ಕೆ ಹಾಕಿದ ಬಂಡವಾಳವು ಮರಳಲಿಲ್ಲ. ಕುದುರೆಗಳನ್ನು ಬಾಡಿಗೆಗೆ ತರಬಹುದು, ಕಿರೀಟಗಳನ್ನು ಮಾಡಿಸಬಹುದು. ಪ್ರೇಕ್ಷಕನ ಎದೆಯನ್ನು ಮುಟ್ಟುವ ಪ್ರಶ್ನೆಯೊಂದನ್ನು ಮಾತ್ರ ದುಡ್ಡು ಕೊಟ್ಟು ತರಲಾಗದು. ಅದು ಕಥೆಯೊಳಗೇ ಇರಬೇಕು. ಕಂಪಿಲಿಯ ಚರಿತ್ರೆಯಲ್ಲಿ ಅಂಥ ಪ್ರಶ್ನೆಯು ಇದ್ದೇ ಇದೆಯೆಂಬುದು ಇಲ್ಲಿಯ ದೊಡ್ಡ ದುಃಖ.

ಆ ಚರಿತ್ರೆಯನ್ನು ಸಂಕ್ಷೇಪವಾಗಿ ವಾಚಕರ ಮುಂದೆ ಇಡುತ್ತೇವೆ. ದಿಲ್ಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಹತ್ತಿರದ ಬಂಧುವಾದ ಬಹಾಉದ್ದೀನ್ ಗುರ್ಷಾಸ್ಪನು ಈಗಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದವನು, ಸುಲ್ತಾನನ ವಿರುದ್ಧ ದಂಗೆಯೆದ್ದು ಸೋತು ಕಂಪಿಲಿಗೆ ಓಡಿಬಂದನು. ಕಂಪಿಲರಾಯನು ಅವನಿಗೆ ಆಶ್ರಯವಿತ್ತನು. ಸುಲ್ತಾನನ ಸೈನ್ಯವು ಬಂದು ಮುತ್ತಿತು. ಶರಣಾಗತನನ್ನು ಒಪ್ಪಿಸಿದ್ದರೆ ರಾಜ್ಯವು ಉಳಿಯುತ್ತಿತ್ತೋ ಏನೋ, ರಾಯನು ಒಪ್ಪಿಸಲಿಲ್ಲ. ಮುಂದೆ ಕೆಲವೇ ವರ್ಷಗಳಲ್ಲಿ ಹಿಂದುಸ್ಥಾನಕ್ಕೆ ಬಂದ ಇಬ್ನ್ ಬತೂತನು ಈ ಪ್ರಸಂಗವನ್ನು ಬರೆದಿಟ್ಟಿದ್ದಾನೆ. ಕೋಟೆಯಲ್ಲಿ ದವಸವು ತೀರಿದಾಗ ರಾಯನು ತನ್ನ ಅತಿಥಿಯನ್ನು ನೆರೆಯ ಅರಸನ ಬಳಿಗೆ ಸುರಕ್ಷಿತವಾಗಿ ಕಳುಹಿಸಿ, ಅಂತಃಪುರವನ್ನು ಅಗ್ನಿಗೊಪ್ಪಿಸಿ, ತಾನು ಕತ್ತಿ ಹಿರಿದು ಹೊರಬಿದ್ದು ಮಡಿದನಂತೆ. ಅವನ ಮಕ್ಕಳಲ್ಲಿ ಕೆಲವರನ್ನು ದಿಲ್ಲಿಯಲ್ಲಿ ತಾನು ಕಂಡುದಾಗಿಯೂ ಆ ಪ್ರವಾಸಿಯು ಹೇಳುತ್ತಾನೆ. ಇದು 1327ರ ಸುಮಾರಿನ ಮಾತು. ನೆರೆಯ ಅರಸನು ಆ ಅತಿಥಿಯನ್ನು ಉಳಿಸಿಕೊಳ್ಳಲಿಲ್ಲ, ದಿಲ್ಲಿಯವರಿಗೆ ಒಪ್ಪಿಸಿಬಿಟ್ಟನು. ಒಬ್ಬನು ಕೊಟ್ಟ ಮಾತಿಗಾಗಿ ಸರ್ವಸ್ವವನ್ನು ಕಳೆದುಕೊಂಡನು. ಇನ್ನೊಬ್ಬನು ಮಾತನ್ನು ಬಿಟ್ಟು ರಾಜ್ಯವನ್ನು ಉಳಿಸಿಕೊಂಡನು. ಇವರಿಬ್ಬರಲ್ಲಿ ಯಾವನು ಪ್ರಜೆಗಳಿಗೆ ಹಿತವನ್ನು ಮಾಡಿದನು? ಇದಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಯಾವ ನಾಟಕಕಾರನು ಕಲ್ಪಿಸಬಲ್ಲನು?

ಈ ದಂಗೆಯ ಕಾವು ನಮ್ಮ ಕಲ್ಯಾಣಕ್ಕೂ ತಟ್ಟಿತ್ತೆಂಬುದು ಬಹುಮಂದಿಗೆ ತಿಳಿಯದು. ಶಕವರ್ಷ 1248ರ, ಎಂದರೆ 1326ರ, ಸಂಸ್ಕೃತ ಶಾಸನವೊಂದು ಕಲ್ಯಾಣದಲ್ಲಿ ದೊರೆತಿದೆ. ಗಲಭೆಯಲ್ಲಿ ಇಲ್ಲಿಯ ಮಧುಕೇಶ್ವರನ ಪೂಜೆಯು ನಿಂತುಹೋಗಿರಲು, ಗುಡಿಯನ್ನು ಸರಿಪಡಿಸಿ ಪೂಜೆಯನ್ನು ಮತ್ತೆ ನಡೆಯಿಸುವುದಕ್ಕೆ ಅದೇ ಮಹಮ್ಮದ್ ಬಿನ್ ತುಘಲಕನ ಅಧಿಕಾರಿಗಳು ಅನುಕೂಲ ಮಾಡಿಕೊಟ್ಟರೆಂದು ಅದರಿಂದ ತಿಳಿಯುತ್ತದೆ. ಕಂಪಿಲಿಯನ್ನು ಸುಟ್ಟ ಸುಲ್ತಾನನ ಆಳಿಕೆಯಲ್ಲಿಯೇ ಕಲ್ಯಾಣದ ಗುಡಿಯೊಂದರಲ್ಲಿ ಆರಿದ ದೀಪವನ್ನು ಮತ್ತೆ ಹಚ್ಚಲಾಯಿತು. ಇತ್ತ ದಂಗೆಕೋರನಾದ ಮುಸಲ್ಮಾನ ಸರದಾರನಿಗಾಗಿ ಹಿಂದೂ ಅರಸನೊಬ್ಬನು ಪ್ರಾಣವನ್ನೇ ಕೊಟ್ಟನು. ಚರಿತ್ರೆಯು ನಮಗೆ ಅನುಕೂಲವಾಗುವಂತೆ ಎರಡು ಬಣ್ಣಗಳಲ್ಲಿ ನಡೆಯುವುದಿಲ್ಲ. ಅದರ ಈ ತೊಡಕಿನಲ್ಲಿಯೇ ಅದರ ಸತ್ಯವಿದೆ, ರಸವೂ ಇದೆ.

ಆದರೆ ನಮ್ಮ ಚಿತ್ರದ ಭಾರವೆಲ್ಲ ಬಿದ್ದುದು ನಾಯಕನ ಶೌರ್ಯದ ಮೇಲೆ, ಮಲತಾಯಿಯಾದ ರತ್ನಾಜಿಯ ಮೋಹದ ಕಥೆಯ ಮೇಲೆ. ಈ ಕಥೆಯನ್ನು ನಾವು ಹಳಿಯುವುದಿಲ್ಲ. ಕವಿ ನಂಜುಂಡನೇ ಮೊದಲಾದವರು ಅದನ್ನು ಸಾಂಗತ್ಯದಲ್ಲಿ ಹಾಡಿದ್ದಾರೆ. ಪರನಾರೀಸೋದರನೆಂದು ಜನರು ರಾಮನನ್ನು ಶತಮಾನಗಳಿಂದ ನೆನೆಯುತ್ತ ಬಂದಿದ್ದಾರೆ. ಆದರೆ ಕಾವ್ಯದಲ್ಲಿ ಕೇಳುಗನ ಕಲ್ಪನೆಯು ತುಂಬಿಕೊಡುತ್ತಿದ್ದುದನ್ನು ತೆರೆಯ ಮೇಲೆ ಉಡುಪಿನಿಂದಲೂ ಉದ್ದುದ್ದ ಸಂಭಾಷಣೆಯಿಂದಲೂ ತುಂಬಹೊರಟರೆ ಉಳಿಯುವುದು ಕಂಪನಿ ನಾಟಕದ ನೆರಳಷ್ಟೆ. ಎಂದೂ ತಪ್ಪದ, ಎಂದೂ ಸಂದೇಹಪಡದ ನಾಯಕನನ್ನು ಕಂಡು ನಾವು ಕೈಮುಗಿಯಬಹುದು, ಅವನಿಗಾಗಿ ಕಳವಳಪಡಲಾರೆವು. ಕಳವಳವಿಲ್ಲದ ಯುದ್ಧವು ಎಷ್ಟು ದೊಡ್ಡದಾದರೂ ಬರಿಯ ಗದ್ದಲವೇ ಸರಿ.

ಇದಕ್ಕೆ ಪ್ರತಿಯಾಗಿ 1975ರ ‘ಮಯೂರ’ ಚಿತ್ರವನ್ನು ನೆನೆಯಿರಿ. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿಯನ್ನು ಆಧರಿಸಿದ ಆ ಚಿತ್ರಕ್ಕೆ ಚರಿತ್ರೆಯಿಂದ ದೊರೆತ ಮುಖ್ಯ ಆಧಾರವು ತಾಳಗುಂದದ ಒಂದು ಕಂಬದ ಶಾಸನ. ಓದಲೆಂದು ಕಂಚಿಗೆ ಹೋದ ತರುಣನಿಗೆ ಅಲ್ಲಿ ಅವಮಾನವಾಯಿತು, ಅವನು ಪುಸ್ತಕವನ್ನು ಬಿಟ್ಟು ಕತ್ತಿಯನ್ನು ಹಿಡಿದನು. ಇಷ್ಟೇ ಅದರ ಬೀಜ. ಆದರೆ ಅವಮಾನವು ಎಲ್ಲರಿಗೂ ತಿಳಿದ ನೋವು. ಆದುದರಿಂದಲೇ ರಾಜಕುಮಾರರು ಕತ್ತಿಯೆತ್ತಿದಾಗ ಸಭೆಯೆಲ್ಲವೂ ಅವರೊಡನೆ ಎದ್ದಿತು. ಒಂದು ಶಾಸನದ ನಾಲ್ಕು ಸಾಲನ್ನು ನಂಬಿದವರು ಗೆದ್ದರೆಂಬುದನ್ನು ಚಿತ್ರೋದ್ಯಮಿಗಳು ಮರೆಯಬಾರದು.

ಚಿತ್ರ ತೆಗೆಯುವವರು ಪ್ರಾಧ್ಯಾಪಕರಲ್ಲ, ಜನರು ಬರುವುದು ವಿನೋದಕ್ಕೆ ಎಂದು ಆಕ್ಷೇಪಿಸಬಹುದು. ನಿಜ. ಪಾಠವನ್ನು ಒಪ್ಪಿಸಿರೆಂದು ನಾವು ಕೇಳುತ್ತಿಲ್ಲ. ನಮ್ಮ ಚಿಂತೆಯೇ ಬೇರೆ. ಇಂಥ ಚಿತ್ರವೊಂದು ಬಿದ್ದಾಗ ಉದ್ಯಮಿಗಳು ‘ಕಥೆಯನ್ನು ನಾವು ಕೆಡಿಸಿದೆವು’ ಎನ್ನುವುದಿಲ್ಲ. ‘ಕನ್ನಡಿಗರಿಗೆ ಚರಿತ್ರೆ ಬೇಡ’ ಎನ್ನುತ್ತಾರೆ. ಆ ಅಪವಾದವನ್ನು ಹೊರುವವರು ನಾವು. ಆಮೇಲೆ ನಮ್ಮ ಮಕ್ಕಳು ಪರಭಾಷೆಯ ಚಿತ್ರಗಳಲ್ಲಿ ಪರರ ಅರಸರನ್ನು ಕಂಡು ಬೆಳೆಯುವರು. ಗಂಗಾವತಿಯ ಸಮೀಪದ ಕುಮ್ಮಟದುರ್ಗವಾಗಲಿ ನಾರಾಯಣಪುರದ ಗುಡಿಯಾಗಲಿ ಅವರಿಗೆ ದನ ಮೇಯುವ ಬಯಲಿನ ಹಳೆಯ ಕಲ್ಲುಗಳಾಗಿ ಮಾತ್ರ ತೋರುವುವು. ಒಂದು ಚಿತ್ರದಲ್ಲಿ ಕಳೆದ ಹಣವನ್ನು ಇನ್ನೊಂದರಲ್ಲಿ ಗಳಿಸಬಹುದು. ಒಂದು ತಲೆಮಾರಿನ ನೆನಪನ್ನು ಕಳೆದುಕೊಂಡರೆ ಯಾವ ಗಲ್ಲಾಪೆಟ್ಟಿಗೆಯಿಂದಲೂ ಅದನ್ನು ತುಂಬಿಕೊಡಲಾಗದು.

ಆದುದರಿಂದ ನಮ್ಮ ಸೂಚನೆಯು ಸರಳವಾಗಿದೆ. ಚರಿತ್ರೆಯ ಚಿತ್ರವನ್ನು ತೆಗೆಯತಕ್ಕವರು ದರ್ಜಿಯನ್ನು ಕರೆಯಿಸುವುದಕ್ಕೆ ಮೊದಲು ಶಾಸನಗಳನ್ನು ಬಲ್ಲವರನ್ನು ಕರೆಯಿಸಲಿ. ಅರಮನೆಯನ್ನು ಕಟ್ಟಿಸುವುದಕ್ಕೆ ಮೊದಲು, ಕಥಾನಾಯಕನ ಮುಂದಿರುವ ಧರ್ಮಸಂಕಟವೇನೆಂಬುದನ್ನು ಒಂದು ವಾಕ್ಯದಲ್ಲಿ ಬರೆದು ನೋಡಲಿ. ಬರೆಯಲು ಆಗದಿದ್ದರೆ ಅರಮನೆಯ ಖರ್ಚನ್ನಾದರೂ ಉಳಿಸಿಕೊಳ್ಳಲಿ. ನಗರವಾಸಿಗಳೂ ಅಧಿಕಾರಿಗಳೂ ಆದ ನಮ್ಮ ವಾಚಕರ ಕರ್ತವ್ಯವೂ ಇದರಲ್ಲಿದೆ. ಬೀದರ ಜಿಲ್ಲೆಗೆ ಕೆಲಸದ ಮೇಲೆ ಬಂದವರು ಅರ್ಧ ದಿನವನ್ನು ಮಾಡಿಕೊಂಡು ನಾರಾಯಣಪುರಕ್ಕೂ ಜಲಸಂಗ್ವಿಗೂ ಹೋಗಿಬರಲಿ, ಮಕ್ಕಳನ್ನೂ ಕರೆದೊಯ್ಯಲಿ. ಕಲ್ಲುಗಳನ್ನು ಬಲ್ಲ ಪ್ರೇಕ್ಷಕನಿಗೆ ರಟ್ಟಿನ ಕೋಟೆಯನ್ನು ತೋರಿಸಿ ನಂಬಿಸುವುದು ಸುಲಭವಲ್ಲ. ಅಂಥ ಪ್ರೇಕ್ಷಕರು ಹೆಚ್ಚಿದ ದಿನ ಅಂಥ ಚಿತ್ರಗಳೂ ತಾವಾಗಿಯೇ ಹುಟ್ಟುವುವು.

ಜಲಸಂಗ್ವಿಯ ಬಾಲಿಕೆಯು ಎಂಟು ನೂರು ವರ್ಷಗಳಿಗೂ ಮಿಗಿಲಾಗಿ ಕೈಯೆತ್ತಿ ಬರೆಯುತ್ತಲೇ ಇದ್ದಾಳೆ. ಅವಳು ಬರೆದುದನ್ನು ಓದಿಕೊಂಡು ತೆರೆಯ ಮೇಲೆ ತರಬಲ್ಲವನು ನಮ್ಮ ಚಿತ್ರರಂಗದಲ್ಲಿ ಬೇಗನೆ ಹುಟ್ಟಲೆಂದು ನಾವು ಹಾರೈಸುತ್ತೇವೆ.