ಬಿಚ್ಚಿ ಮತ್ತೆ ಕಟ್ಟುವ ಮನೆ



‘ಮಾಡ್ಯುಲರ್ ಮನೆ’ ಎಂಬ ಮಾತು ಈಗೀಗ ಬಹಳ ಕೇಳಿಬರುತ್ತಿದೆ. ಮನೆಯ ಭಾಗಗಳನ್ನು ಗೊತ್ತಾದ ಅಳತೆಯಲ್ಲಿ ಬೇರೆ ಕಡೆ ಮೊದಲೇ ತಯಾರಿಸಿ, ಜಾಗಕ್ಕೆ ತಂದು ಜೋಡಿಸುವುದಕ್ಕೆ ಹಾಗೆ ಹೇಳುತ್ತಾರೆ. ಪಟ್ಟಣದಲ್ಲಿ ಜನ ಹೆಚ್ಚು, ಜಾಗ ಕಡಿಮೆ. ಇಂಥ ಮನೆ ಬೇಗ ಏಳುತ್ತದೆ, ಸಾಮಾನು ಹಾಳಾಗುವುದೂ ಕಡಿಮೆ. ಇದು ಪರದೇಶದ ಸುದ್ದಿ, ನಮಗೆಂತಕ್ಕೆ ಅಂತ ಓದದೆ ಹೋಗಬೇಡಿ. ತಲೆ ಎತ್ತಿ ನಮ್ಮ ಶಾಲೆಯ ಮಾಡು ಕಾಣಿ. ಅದೇ ಮಾಡ್ಯುಲರ್!

1865ರಲ್ಲಿ ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನಿಯವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಹೊಳೆ ದಡದ ಜೇಡಿಮಣ್ಣನ್ನು ಅಚ್ಚಿನಲ್ಲಿ ಒತ್ತಿ ಸುಟ್ಟರೆ ಹಂಚು. ಮುಂದೆ ನಮ್ಮ ಕುಂದಾಪುರದಲ್ಲೂ ಹಂಚಿನ ಕಾರ್ಖಾನೆಗಳು ಬಂದವು. ಒಂದು ಹಂಚು ತೆಗೆದುಕೊಂಡು ನಾನು ಅಳೆದೆ. ಉದ್ದ 16 ಇಂಚು, ಅಗಲ 9 ಇಂಚಿಗೆ ಸ್ವಲ್ಪ ಮೇಲೆ. ಆದರೆ ಒಂದರ ಮೇಲೊಂದು ಕೂತಾಗ ಹೊರಗೆ ಕಾಣುವುದು ಸುಮಾರು 12½ ಇಂಚು ಉದ್ದ, 8 ಇಂಚು ಅಗಲ ಮಾತ್ರ. ಅಂದರೆ 100 ಚದರ ಇಂಚು. ಲೆಕ್ಕ ಹಾಕಿದರೆ 100 ಚದರ ಅಡಿ ಮಾಡಿಗೆ 144 ಹಂಚು. ಒಡೆಯುವುದನ್ನೂ ಸೇರಿಸಿ 150 ಅಂತ ಹಿಡಿಯಬೇಕು.

ಹಂಚಿನ ಅಡಿಯಲ್ಲಿ ಒಂದು ಗುಬ್ಬಿ ಇರುತ್ತದೆ. ಅದು ರೀಪಿಗೆ ಸಿಕ್ಕಿಕೊಂಡು ಕೂರುತ್ತದೆ. ಮೊಳೆ ಇಲ್ಲ, ಸಿಮೆಂಟು ಇಲ್ಲ. ಒಂದು ಹಂಚು ಒಡೆದರೆ ಮೇಲಿನದನ್ನು ಸ್ವಲ್ಪ ಎತ್ತಿ, ಒಡೆದದ್ದನ್ನು ಎಳೆದು ಹೊಸದನ್ನು ತೂರಿಸಿದರೆ ಆಯಿತು. ಕತ್ತಲೆ ಕೋಣೆಗೆ ಬೆಳಕು ಬೇಕಾದರೆ ಅದೇ ಅಳತೆಯ ಗಾಜಿನ ಹಂಚು ಹಾಕುತ್ತಾರೆ.

ಗೋಡೆಯ ಕಥೆಯೂ ಹೀಗೇ. ನಮ್ಮ ಮುರಕಲ್ಲು ಮಣ್ಣಿನೊಳಗಿರುವಾಗ ಮೆತ್ತಗಿರುತ್ತದೆ, ಕಡಿದು ಹೊರಗಿಟ್ಟರೆ ಗಾಳಿಗೆ ಗಟ್ಟಿಯಾಗುತ್ತದೆ. ಟಿಪ್ಪು ಸತ್ತ ನಂತರ ಈ ಸೀಮೆಯಲ್ಲಿ ತಿರುಗಾಡಿದ ಫ್ರಾನ್ಸಿಸ್ ಬುಕಾನನ್ 1807ರ ತನ್ನ ಪುಸ್ತಕದಲ್ಲಿ ಈ ಜಾತಿಯ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ನೆಲದಿಂದ ಇಟ್ಟಿಗೆಯನ್ನೇ ಅಗೆದು ತೆಗೆದ ಹಾಗೆ! ಆದರೆ ಕಲ್ಲು ತೆಗೆದ ಹೊಂಡ ಹಾಗೇ ಉಳಿಯುತ್ತದೆ. ಅದರಲ್ಲಿ ಮಳೆಗಾಲದ ನೀರು ತುಂಬಿ ಮಕ್ಕಳು ಮುಳುಗಿದ ಸುದ್ದಿ ನಾವೆಲ್ಲ ಕೇಳಿದ್ದೇವೆ. ಆದ್ದರಿಂದ ಒಮ್ಮೆ ಕಡಿದ ಕಲ್ಲನ್ನು ಎರಡು ಸಲ, ಮೂರು ಸಲ ಬಳಸಬೇಕೆಂಬುದು ನನ್ನ ಅಭಿಪ್ರಾಯ.

ಈ ವಿಷಯ ನಮ್ಮ ಮನೆಯಲ್ಲಿ ಈಗ ದೊಡ್ಡ ಚರ್ಚೆಯಾಗಿದೆ. ಹಳೆ ಮನೆ ತೆಗೆದು, ಕುಂದಾಪುರ ಪೇಟೆಯ 4 ಸೆಂಟ್ಸ್ ಜಾಗದಲ್ಲಿ ಎರಡು ಸಂಸಾರ ಇರುವಂಥ ಮಾಳಿಗೆ ಮನೆ ಕಟ್ಟಬೇಕು. ಚಿಕ್ಕಪ್ಪ ಹೇಳುವುದು, “ಜೆಸಿಬಿ ಬಂದ್ರೆ ಒಂದ್ ದಿನದ ಕೆಲ್ಸ.” ಅಜ್ಜಯ್ಯ ಒಪ್ಪುವುದಿಲ್ಲ. “ಬಿಚ್ಚಿರೆ ಎಲ್ಲಾ ಆತ್ತ್, ಬಿಸಾಡುದ್ ಎಂತಕ್ಕೆ?” ಅಂತ ಅವರ ವಾದ. ಬಿಚ್ಚಲು ಜನ ಬೇಕು, ಸಂಬಳ ಕೊಡಬೇಕು, ದಿನ ಹಿಡಿಯುತ್ತದೆ. ಚಿಕ್ಕಪ್ಪನ ಮಾತು ಸುಳ್ಳೆಂದು ನಾನು ಹೇಳಲಾರೆ. ಆದರೆ ಜೆಸಿಬಿ ಬಂದ ಸಂಜೆ ಉಳಿಯುವುದು ಮಣ್ಣಿನ ಗುಡ್ಡೆ ಮಾತ್ರ. ನಮ್ಮ ಮಾಡಿನ ಎರಡೂ ಇಳಿಜಾರು ಸೇರಿ 1,080 ಚದರ ಅಡಿ. ಮೇಲಿನ ಲೆಕ್ಕದಂತೆ 1,555 ಹಂಚು!

ಇಡೀ ಮನೆಯನ್ನೇ ಬಿಚ್ಚಿ ಸಾಗಿಸಿದ್ದನ್ನು ನೋಡಬೇಕಾದರೆ ಮಣಿಪಾಲಕ್ಕೆ ಹೋಗಬೇಕು. ವಿಜಯನಾಥ ಶೆಣೈಯವರು ಬೀಳಲಿದ್ದ ಹಳೆ ಮನೆಗಳನ್ನು ಕಳಚಿ ತಂದು ಅಲ್ಲಿ ಪುನಃ ನಿಲ್ಲಿಸಿದರು. ಕೊಪ್ಪಳ ಜಿಲ್ಲೆಯ ಕುಕನೂರಿನ ಕಮಲ್ ಮಹಲ್ ಕೂಡ ಅಲ್ಲಿದೆ. ಮರದ ಕಂಬ, ತೊಲೆ, ಬಾಗಿಲುಗಳು ಒಂದಕ್ಕೊಂದು ಕೂಡಿಸಿದ್ದರಿಂದಲೇ ಬಿಚ್ಚಲು ಸಾಧ್ಯವಾಯಿತು. ಕಾಂಕ್ರೀಟಿನಲ್ಲಿ ಎರಕ ಹೊಯ್ದಿದ್ದರೆ ಆಗುತ್ತಿತ್ತೇ?

ಎಲ್ಲಾ ಮಾಡ್ಯುಲರ್ ಮನೆಯೂ ಒಳ್ಳೆಯದೇ ಅಂತಲ್ಲ. ಜಪಾನಿನ ಟೋಕಿಯೋದಲ್ಲಿ 1972ರಲ್ಲಿ ಕಿಶೋ ಕುರೊಕಾವಾ ಎಂಬ ಶಿಲ್ಪಿ ನಕಾಗಿನ್ ಎಂಬ ಕಟ್ಟಡ ಕಟ್ಟಿದರು. ಕಾರ್ಖಾನೆಯಲ್ಲಿ ಮಾಡಿದ ಪೆಟ್ಟಿಗೆಯಂಥ 140 ಕೋಣೆಗಳನ್ನು ಎರಡು ಗೋಪುರಗಳಿಗೆ ಬೋಲ್ಟು ಹಾಕಿ ಸಿಕ್ಕಿಸಿದ್ದರು. 25 ವರ್ಷಕ್ಕೊಮ್ಮೆ ಕೋಣೆ ಬದಲಾಯಿಸುವುದು ಎಂದು ಯೋಜನೆ. ಆದರೆ ಕೆಳಗಿನ ಒಂದನ್ನು ತೆಗೆಯಬೇಕಾದರೆ ಮೇಲಿನವನ್ನೂ ತೆಗೆಯಬೇಕಿತ್ತು! ಒಂದನ್ನೂ ಬದಲಾಯಿಸಲಿಲ್ಲ. 2022ರಲ್ಲಿ ಕಟ್ಟಡವನ್ನೇ ಕಳಚಿದರು. ಒಂದೇ ಅಳತೆ ಇದ್ದರೆ ಸಾಲದು, ಒಂದೊಂದನ್ನೂ ಬೇರೆಯಾಗಿ ತೆಗೆಯಲು ಬರಬೇಕು. ನಮ್ಮ ಹಂಚಿಗೆ ಆ ಗುಣ ಇದೆ.

ಹಾಗಾದರೆ ಪೇಟೆಯಲ್ಲಿ ಎಂತ ಮಾಡುವುದು? ಮೂರು ಬದಿ ನೀರಿರುವ ಕುಂದಾಪುರದಲ್ಲಿ ಎಲ್ಲರಿಗೂ ಅಂಗಳದ ಮನೆ ಸಿಗಲಿಕ್ಕಿಲ್ಲ, ಮಾಳಿಗೆ ಬೇಕೇ ಬೇಕು. ಕಂಬ ಮತ್ತು ಮಾಳಿಗೆ ನೆಲ ಕಾಂಕ್ರೀಟಿನದೇ ಇರಲಿ. ಕೇರಳದಲ್ಲಿ ನೆಲೆಸಿದ್ದ ಲಾರಿ ಬೇಕರ್ ಸ್ಲ್ಯಾಬಿನ ಅಡಿಭಾಗದಲ್ಲಿ ಹಂಚು ತುಂಬಿಸಿ ಕಾಂಕ್ರೀಟು ಉಳಿಸುತ್ತಿದ್ದರು. ಉಪಾಯ ಒಳ್ಳೆಯದೇ, ಆದರೆ ಆ ಹಂಚು ಪುನಃ ಕೈಗೆ ಸಿಗುವುದಿಲ್ಲ. ನನಗೆ ಕಾಣುವಂತೆ ಹಂಚು ಇರಬೇಕಾದದ್ದು ತುದಿಯ ಮಾಡಿನಲ್ಲಿ. ಹೇಗೂ ನಮ್ಮ ಮಳೆಗೆ ತಾರಸಿ ಸೋರುತ್ತದೆಂದು ಅದರ ಮೇಲೆ ಮತ್ತೆ ತಗಡು ಹಾಕಿಸುತ್ತೇವೆ. ಒಂದು ಮನೆಗೆ ಎರಡು ತಲೆ! ಮೊದಲೇ ಹಂಚಿನ ಮಾಡು ಮಾಡಿದರೆ ಆ ಖರ್ಚು ಯಾಕೆ? ಒಳಗಿನ ಗೋಡೆ ಭಾರ ಹೊರುವುದಿಲ್ಲ. ಅದನ್ನು ಸಿಮೆಂಟಿನ ಬದಲು ಮಣ್ಣಿನ ಗಾರೆಯಲ್ಲಿ ಕಟ್ಟಿದರೆ ಸಂಸಾರ ದೊಡ್ಡದಾದಾಗ ಕಲ್ಲು ಒಡೆಯದೆ ಬಿಡಿಸಿ ಬೇರೆ ಕಡೆ ಕಟ್ಟಬಹುದು. ಸಿಮೆಂಟಿಗೆ ಹಿಡಿದ ಕಲ್ಲು ಇಡಿಯಾಗಿ ಬಿಡುವುದು ಕಷ್ಟ.

ಇದನ್ನೆಲ್ಲ ಬರೆದು ಅಪ್ಪಯ್ಯನಿಗೆ ತೋರಿಸಿದೆ. ಹಂಚು, ಪಕಾಸು, ಬಾಗಿಲುಗಳನ್ನು ಕೈಯಲ್ಲೇ ಬಿಚ್ಚಿಸುವುದಕ್ಕೆ ಚಿಕ್ಕಪ್ಪನೂ ಒಪ್ಪಿದ್ದಾರೆ. ಬಾಗಿಲು, ದಾರಂದಗಳಿಗೆ ನಾನು ಸೀಮೆಸುಣ್ಣದಲ್ಲಿ ನಂಬರು ಹಾಕಿದ್ದೇನೆ. ಗೋಡೆಗೆ ಮಣ್ಣೋ ಸಿಮೆಂಟೋ ಎಂಬುದು ಇನ್ನೂ ತೀರ್ಮಾನ ಆಗಲಿಲ್ಲ. ಇಳಿಸುವಾಗ ಕೆಲವು ಹಂಚು ಒಡೆದೇ ಒಡೆಯುತ್ತವೆ. ಯಾರ ಮನೆಯ ಹಿಂದಾದರೂ ಹಳೆ ಹಂಚು ರಾಶಿ ಬಿದ್ದಿದ್ದರೆ ದಯವಿಟ್ಟು ಎಣಿಸಿ ನನಗೆ ಹೇಳಿ.